ಎಲೆಯ ಬಾಯಿ ಎಣಿಸುವ ಕೆಲಸ

ಈ ವಿಲ್ಲೋ ಎಲೆಗೆ ಇಪ್ಪತ್ತೆರಡು ಸಾವಿರ ವರ್ಷ.
ನನ್ನ ಕಿರುಬೆರಳಿನ ಉಗುರಿಗಿಂತ ಚಿಕ್ಕದು.
ಚಿಮುಟದಲ್ಲಿ ಎತ್ತಿದರೆ ಸೋಸಿದ ಚಹದ ಚರಟದ ಬಣ್ಣ,
ಗಾಜಿನ ಮೇಲೆ ಒಂದು ಹನಿ ನೀರಿಗೆ
ಮೈ ಬಿಚ್ಚುತ್ತದೆ, ಯಾರೋ ಈಗಷ್ಟೇ ಕೂಗಿದ ಹಾಗೆ.

ನನ್ನ ಕೆಲಸ ಇಷ್ಟೇ,
ಎಲೆಯ ಕೆಳಮೈಯಲ್ಲಿ ಬಾಯಿಗಳನ್ನು ಎಣಿಸುವುದು.
ಎಡಗೈಯಲ್ಲಿ ಎಣಿಕೆಯ ಗುಂಡಿ. ಟಿಕ್. ಟಿಕ್.
ಕಿಟಕಿಯಾಚೆ ಯಾಕುತ್‌ಸ್ಕಿನ ಮಂಜು
ಬಸ್ಸುಗಳನ್ನು ನುಂಗಿ ದೀಪಗಳನ್ನಷ್ಟೇ ಉಗುಳುತ್ತಿದೆ.
ದೊಡ್ಡಮ್ಮ ಅವ್ದೋತ್ಯ ಲಕೋಟೆಯಲ್ಲಿ ಕಳಿಸಿದ,
ಅವಳ ಬೇಲಿಯ ಈ ವರ್ಷದ ವಿಲ್ಲೋದಲ್ಲಿ
ಒಂದು ಚೌಕಕ್ಕೆ ಎಂಬತ್ತು ಬಾಯಿ.
ಇದರಲ್ಲಿ ನೂರಾ ಮೂವತ್ತು ದಾಟಿತು, ಇನ್ನೂ ಮುಗಿದಿಲ್ಲ.

ಹಸಿದಿತ್ತು ಎಂದು ಅರ್ಥ.
ಆಗ ಗಾಳಿಯನ್ನು ಹತ್ತು ಸಾವಿರ ಪಾಲು ಮಾಡಿದರೆ
ಎಲೆ ಉಣ್ಣುವ ಪಾಲು ಎರಡೂ ತುಂಬುತ್ತಿರಲಿಲ್ಲ.
ಮಿಕ್ಕ ಇಂಗಾಲವನ್ನು ಕಡಲು ತನ್ನ ತಣ್ಣನೆ ತಳಕ್ಕೆ
ಇಳಿಸಿಕೊಂಡು ಮೇಲೆ ಮುಚ್ಚಳ ಹಾಕಿ ಕೂತಿತ್ತು.
ಮೊದಲು ಸೋತವು ಕಾಡುಗಳು.
ಮರವೆಂದರೆ ದೊಡ್ಡ ಸಂಸಾರ, ಕಾಂಡ ಕಟ್ಟಬೇಕು,
ಎತ್ತರವನ್ನು ಸಾಕಬೇಕು.
ಲಾರ್ಚುಗಳು ಅಲ್ಲೊಂದು ಇಲ್ಲೊಂದು
ಕಣಿವೆಯ ಸಂದಿಯಲ್ಲಿ ಮುದುಡಿ ಉಳಿದವು.
ಬಯಲು ಹುಲ್ಲಿನ ಪಾಲಾಯಿತು,
ಮಾಚಿಪತ್ರೆಯ ದಾಯಾದಿಗಳಾದ ಕಹಿ ಗಿಡಗಳ ಪಾಲಾಯಿತು.
ಈ ವಿಲ್ಲೋ ನೆಲಕ್ಕೆ ಮೈ ಚೆಲ್ಲಿ
ಹೊಸ ಎಲೆ ಬಿಡುವಾಗೆಲ್ಲ ಇನ್ನಷ್ಟು ಬಾಯಿ ತೆರೆಯಿತು.
ಬಾಯಿ ತೆರೆದರೆ ಒಳಗಿನ ನೀರು ಹೋಗುತ್ತದೆ,
ಒಣಗಾಳಿ ಹೊಸ್ತಿಲಲ್ಲೇ ಕಾದಿರುತ್ತದೆ.
ಆದರೂ ತೆರೆಯಿತು.

ಎಣಿಕೆ ತಪ್ಪಿತು. ಮತ್ತೆ ಮೊದಲಿಂದ.

ಏಳು ವರ್ಷದವಳಾಗಿದ್ದಾಗ ದೊಡ್ಡಮ್ಮ ನನ್ನನ್ನು
ಬುಲೂಸಿಗೆ ಇಳಿಸುತ್ತಿದ್ದಳು,
ಎಂದೂ ಕರಗದ ನೆಲದಲ್ಲಿ ತೋಡಿದ ಚಳಿಯ ಕಣಜ.
ಹನ್ನೊಂದು ಮೆಟ್ಟಿಲು. ಮೇಲೆ ಜುಲೈ, ಸೊಳ್ಳೆ, ಬೆವರು.
ಕೆಳಗೆ ಸೋಬೊ ಮೀನು ಸೌದೆಯ ಹಾಗೆ ಗಟ್ಟಿ,
ಚಳಿಗಾಲದಲ್ಲಿ ಕೆರೆಯಿಂದ ಕೊಯ್ದ ಮಂಜಿನ ಇಟ್ಟಿಗೆ, ಚಹಕ್ಕೆ.
'ಬಾಗಿಲು ಹಾಕೇ ಕೆಸ್ಕಿಲೇನ, ಚಳಿ ನಮ್ಮದಲ್ಲ,
ಯಾರೋ ಇಟ್ಟುಕೊಳ್ಳಲು ಕೊಟ್ಟದ್ದು.'
ಗೋಡೆಯಲ್ಲಿ ಕೂದಲಿನಂಥ ಬೇರುಗಳು ತೂಗುತ್ತಿದ್ದವು.
ಎಳೆದೆ. ಬೈಸಿಕೊಂಡೆ.

ಅವು ಈ ಎಲೆಯ ಓರಗೆಯವು.
ಸತ್ತಿದ್ದವು, ಕೊಳೆಯಲು ಪುರುಸೊತ್ತು ಸಿಗಲಿಲ್ಲ ಅಷ್ಟೇ.
ಗುಟುಕು ಗುಟುಕಾಗಿ ಉಂಡ ಗಾಳಿ
ಬೇರಿಗಿಳಿದು, ಬೇರಿನ ಜೊತೆ ಹೆಪ್ಪುಗಟ್ಟಿ,
ವರ್ಷಕ್ಕೊಂದು ಕೂದಲೆಳೆಯಷ್ಟು ಧೂಳು ಮೇಲೆ ಕೂತು
ಮೂವತ್ತು ಆಳು ಆಳದ ದಂಡೆ.
ಅಂಥ ಬರಗಾಲದಲ್ಲಿ ಇಷ್ಟು ಕೂಡಿಟ್ಟವರನ್ನು
ನಾನು ಬೇರೆಲ್ಲೂ ಕಂಡಿಲ್ಲ.

ಕಳೆದ ಬೇಸಿಗೆ ಅವಳ ಫೋನು.
ಬುಲೂಸಿನಲ್ಲಿ ನಾಲ್ಕನೆಯ ಮೆಟ್ಟಿಲವರೆಗೆ ನೀರು.
'ಗುಳ್ಳೆ ಏಳುತ್ತಿದೆ, ಯಾರೋ ಕೆಳಗೆ ಕೂತು ಊದಿದ ಹಾಗೆ.
ಮೀನಿನ ನಾತ ಬಿಡು, ಅದರ ಅಡಿಯಲ್ಲಿ ಇನ್ನೊಂದಿದೆ,
ಲಾಯ ತೊಳೆದ ವಾಸನೆ.
ನಮ್ಮ ಕುದುರೆಯದಲ್ಲ. ದೊಡ್ಡದು ಯಾವುದೋ.'
ನಕ್ಕಳು. ಫ್ರೀಜರ್ ಕೊಂಡಳಂತೆ.
ಅದಕ್ಕೆ ಕರೆಂಟು, ಕರೆಂಟಿಗೆ ಕಲ್ಲಿದ್ದಲು,
ಕಲ್ಲಿದ್ದಲಿಗೆ ಇನ್ನೂ ಹಳೆಯ ಯಾವುದೋ ಕಾಡು.
ನಾನೇನೂ ಹೇಳಲಿಲ್ಲ. ಮೀನು ಉಳಿಯಬೇಕಲ್ಲ.

ನೂರಾ ನಲವತ್ತೊಂದು. ಬರೆದುಕೊಂಡೆ.
ಮಸೂರದಿಂದ ಮುಖ ಎತ್ತುವ ಮುಂಚೆ
ಹಿಡಿದಿದ್ದ ಉಸಿರು ತಾನಾಗಿ ಜಾರಿ
ಎಲೆಯ ಮೇಲೆ ಬಿತ್ತು. ಗಾಜು ಮಬ್ಬಾಯಿತು.
ಬದುಕಿದ್ದಾಗ ಅದು ಕಾಣದಷ್ಟು ಊಟ
ಆ ಒಂದು ಉಸಿರಿನಲ್ಲಿ.

ಬಾಯಿಗಳೆಲ್ಲ ತೆರೆದೇ ಇವೆ.